ಎರಡು ಮಂಚದ ಖೋಲಿ

ಮಹಾಂತಮ್ಮ ಬಿದ್ದದ್ದು ಬೇಕರಿಯ ಮುಂದೆ. ಜನವರಿಯ ಚಳಿಗೆ ಹಿಂದಿನ ದಿನದ ಮಳೆನೀರು ಕಾಲುದಾರಿಯ ಮೇಲೆ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಜಾರುವಾಗ ಬ್ರೆಡ್ಡಿನ ಚೀಲವನ್ನು ಕೈಬಿಟ್ಟಿದ್ದರೆ ಕೈಯೂರಿ ಉಳಿಯುತ್ತಿದ್ದರೋ ಏನೋ, ಚೀಲ ಬಿಡಲಿಲ್ಲ, ಸೊಂಟದ ಮೇಲೆ ಬಿದ್ದರು. ಹೈಡೆಲ್‌ಬರ್ಗಿನ ಆಸ್ಪತ್ರೆಯಲ್ಲಿ ಸೊಂಟದ ಕೀಲು ಬದಲಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದ ಮೇಲೆ ಮೆಟ್ಟಿಲು ಹತ್ತುವುದು ಅವರಿಂದ ಆಗಲಿಲ್ಲ.

ಅವರ ಮನೆ ನೆಕ್ಕರ್ ನದಿಯ ದಂಡೆಯ ಸಣ್ಣ ಊರೊಂದರಲ್ಲಿ, ರೈಲುನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಇಕ್ಕಟ್ಟಿನ ಜಾಗದಲ್ಲಿ ಎತ್ತರಕ್ಕೆ ಕಟ್ಟಿದ ಹಳೆಯ ಮನೆ. ಮಲಗುವ ಕೋಣೆ, ಬಚ್ಚಲು ಎಲ್ಲ ಮಹಡಿಯ ಮೇಲೆ; ಕೆಳಗೆ ಅಡುಗೆಮನೆ, ಹಾಲ್, ಮೆಟ್ಟಿಲ ಕೆಳಗೊಂದು ಸಂಡಾಸು, ಅಷ್ಟೇ. ಗಂಡ ಅಡಿವೆಪ್ಪ ಹಾಲ್‌ನಲ್ಲಿ ಟಿವಿಯ ಪಕ್ಕ ಮಂಚ ಹಾಕಿಕೊಟ್ಟರು. ತಾವು ಮೊದಲಿನಂತೆ ಮೇಲೆಯೇ ಮಲಗಿದರು.

ಅಡಿವೆಪ್ಪ ಹುನಗುಂದದ ಕಡೆಯವರು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಹೆಂಡತಿಯ ಔಷಧ, ವ್ಯಾಯಾಮ, ಊಟ ಎಲ್ಲವನ್ನೂ ಕಂಪನಿಯ ಕೆಲಸದಷ್ಟೇ ಶಿಸ್ತಿನಿಂದ ನೋಡಿಕೊಂಡರು. ಮಹಾಂತಮ್ಮನೂ ಏನೂ ದೂರಲಿಲ್ಲ. ಆದರೆ ಯುಗಾದಿಗೆ ಮನ್‌ಹೈಮ್‌ನಿಂದ ಪರಿಚಯದವರು ಬಂದುಹೋದ ದಿನ ಸಂಜೆ, ಪಾತ್ರೆ ಒರೆಸುತ್ತಿದ್ದ ಗಂಡನಿಗೆ ಹೇಳಿದರು:

"ಏನ್ರೀ, ಬಂದವ್ರು ನನ್ನ ಮಂಚದ ಸುತ್ತ ಕುಂತು ಹೋಳಗಿ ತಿಂದ್ರು. ನಾನೂ ಹಾಲ್‌ನ್ಯಾಗ ಇಟ್ಟ ಸಾಮಾನ ಆದಂಗ ಆಗೇತಿ ನೋಡ್ರಿ."

ಅಡಿವೆಪ್ಪ ಒರೆಸುವುದನ್ನು ನಿಲ್ಲಿಸಿದರು. ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋಗಿ ಟೇಪು ಹಿಡಿದು ಅಳೆಯತೊಡಗಿದರು. ಅಡುಗೆಮನೆಯ ಹಿಂದೆ, ತೋಟದ ಕಡೆಗೆ ಒಂದು ಕೋಣೆ, ಅದಕ್ಕೆ ಹೊಂದಿ ಒಂದು ಬಚ್ಚಲು. ವಾರವಿಡೀ ಕುಳಿತು ನಕ್ಷೆ ಬರೆದರು. ಗೆರೆ ಒಂದೊಂದೂ ಕೂದಲೆಳೆಯಷ್ಟು ಸರಿಯಾಗಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರಾಟ್‌ಹೌಸಿಗೆ, ಅಂದರೆ ಊರಿನ ಪುರಸಭೆಯ ಕಚೇರಿಗೆ ಹೋಗಿ, ಕಟ್ಟಡ ವಿಭಾಗದ ಕಿಟಕಿಯಲ್ಲಿ ಕೊಟ್ಟರು.

ಅಲ್ಲಿದ್ದ ಹೆಂಗಸು ನಕ್ಷೆಯನ್ನು ಬಿಡಿಸಿ ಬಹಳ ಹೊತ್ತು ನೋಡಿದಳು. "ತುಂಬಾ ಚೆನ್ನಾಗಿ ಬರೆದಿದ್ದೀರಿ," ಎಂದಳು. "ಆದರೆ ಬಾವ್‌ಆಂಟ್ರಾಗ್ ಅರ್ಜಿಯ ಮೇಲೆ ಪರವಾನಗಿ ಇರುವ ವಾಸ್ತುಶಿಲ್ಪಿಯ ಸಹಿ ಬೇಕು. ನೀವು ವಾಸ್ತುಶಿಲ್ಪಿಯೇ?"

ಅಲ್ಲ ಎಂದು ಹೇಳುವುದು ಅಡಿವೆಪ್ಪನವರಿಗೆ ಕಷ್ಟವಾಯಿತು. ಮನೆಗೆ ಬಂದವರೇ ಹ್ಯಾಂಬರ್ಗ್‌ನಲ್ಲಿದ್ದ ಮಗಳು ಪವಿಗೆ ಫೋನ್ ಮಾಡಿ ಕೂಗಾಡಿದರು. ಪವಿ ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಅವಳ ಕನ್ನಡ ಅಪ್ಪ ಅಮ್ಮನ ಜೊತೆಗಷ್ಟೇ ಓಡಾಡುವ ಕನ್ನಡ.

"ಪಪ್ಪಾ, ನೀ ಗೇರ್‌ಬಾಕ್ಸ್ ಮಾಡಿದಿ. ಹೌಸ್ ಮಾಡಿಲ್ಲ. ದಾಸ್ ಈಸ್ಟ್ ವಾಸ್ ಆಂಡರೆಸ್, ಅದು ಬೇರೆ."

"ಗೋಡಿ ಎತ್ತಾಕ ಏನು ದೊಡ್ಡ ವಿದ್ಯಾ ಬೇಕ?"

"ಸಹಿ ಬೇಕು ಪಪ್ಪಾ. ನಂದು ಫ್ರೆಂಡ್ ಒಬ್ಬ ಇದಾನ, ಸುಹಾಸ್ ಅಂತ. ಆರ್ಕಿಟೆಕ್ಟ್. ಫ್ರಾಂಕ್‌ಫರ್ಟ್‌ದಾಗ. ಕನ್ನಡಾನೂ ಬರ್ತದ. ಪ್ಲೀಸ್, ಅವನ ಮುಂದ ಶಿಂಪ್‌ಫೆನ್ ಮಾಡಬ್ಯಾಡ, ಬೈಬ್ಯಾಡ."

ಸುಹಾಸ್ ಮೈಸೂರಿನವನು. ಶನಿವಾರ ರೈಲಿನಲ್ಲಿ ಬಂದ. ಅಡಿವೆಪ್ಪನವರ ನಕ್ಷೆಯನ್ನು ಹೊಗಳಿ ಮಡಚಿಟ್ಟು, ನೇರವಾಗಿ ಹಾಲ್‌ಗೆ ಹೋಗಿ ಮಹಾಂತಮ್ಮನ ಎದುರಿಗೆ ಕುಳಿತ.

"ಆಂಟಿ, ರೂಮು ನಿಮ್ದಲ್ವಾ? ಅದ್ರಲ್ಲಿ ಏನೇನಿರ್ಬೇಕು, ನೀವು ಹೇಳಿ."

ಯಾರಾದರೂ ಹೀಗೆ ಕೇಳಲಿ ಎಂದೇ ಕಾಯುತ್ತಿದ್ದವರ ಹಾಗೆ ಮಹಾಂತಮ್ಮ ತಡವರಿಸದೆ ಹೇಳಿದರು. "ಮುಂಜಾನೆ ಲಿಂಗಪೂಜಾಕ ಕುಂದರಾಕ ಒಂದು ಮೂಲಿ ಬೇಕಪಾ. ಮಲಗಿದಲ್ಲಿಂದನ ಗಿಡಾ ಕಾಣೂವಂಥ ಕಿಡಕಿ. ಬಚ್ಚಲದಾಗ ಹಿಡಕೊಳ್ಳಾಕ ಕಂಬಿ. ಮತ್ತ ಎರಡು ಮಂಚಾ."

"ಎರಡ್ಯಾಕ?" ಎಂದರು ಬಾಗಿಲಲ್ಲಿ ನಿಂತಿದ್ದ ಅಡಿವೆಪ್ಪ.

"ನೀವೆಲ್ಲಿ ಮಲಗಾವ್ರು?"

"ನಾ ಮ್ಯಾಲ ಮಲಗತೇನಲ್ಲ."

"ಅದ ಮತ್ತ. ನೀವು ಮ್ಯಾಲ, ನಾ ಕೆಳಗ. ನಿಮ್ಮ ಗೊರಕಿ ಕೇಳಲಾರದ ನನಗ ನಿದ್ದೀನ ಹತ್ತವಲ್ದು." ಮಹಾಂತಮ್ಮ ಸುಹಾಸನ ಕಡೆ ತಿರುಗಿದರು. "ಎರಡ ಬರಕೋಪಾ ನೀ."

ಅಡಿವೆಪ್ಪ ಕೆಮ್ಮಿದರು, ಕಿಟಕಿಯ ಹೊರಗೆ ನೋಡಿದರು, ಆಮೇಲೆ ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋದರು. ಅಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಆಗುವವರೆಗೂ ಅದರ ಮುಂದೆಯೇ ನಿಂತಿದ್ದರು. ತಮ್ಮ ನಕ್ಷೆಯಲ್ಲಿ ಒಂದೇ ಮಂಚ ಬರೆದದ್ದು ಅವರಿಗೆ ಈಗ ನಾಚಿಕೆ ತರಿಸುತ್ತಿತ್ತು.

ತೊಂದರೆ ಶುರುವಾದದ್ದು ಈ ಎರಡನೆಯ ಮಂಚದಿಂದಲೇ. ಒಂದು ಮಂಚದ ಕೋಣೆಯಾದರೆ ಸಲೀಸಾಗಿ ಹಿಡಿಯುತ್ತಿತ್ತು. ಎರಡು ಮಂಚ, ನಡುವೆ ಮಹಾಂತಮ್ಮನ ಚಕ್ರದ ನಡಿಗೆಗಾಡಿ ತಿರುಗುವಷ್ಟು ಜಾಗ ಎಂದಾಗ ಗೋಡೆ ಪಕ್ಕದ ಮನೆಯ ಬೇಲಿಯ ಹತ್ತಿರಕ್ಕೆ ಸರಿಯಿತು. ಬೇಲಿಯಿಂದ ಎರಡೂವರೆ ಮೀಟರ್ ಬಿಡಬೇಕೆಂಬುದು ನಿಯಮ. ಇನ್ನೊಂದು ಬದಿಗೆ ಸರಿಸೋಣವೆಂದರೆ ಅಲ್ಲಿ ನೆಲಮಾಳಿಗೆಯ ಮೆಟ್ಟಿಲು, ಅದರ ಕೆಳಗೆ ಚರಂಡಿಯ ಪೈಪು.

"ದಾರಿ ಇದೆ ಅಂಕಲ್," ಎಂದ ಸುಹಾಸ್. "ಪಕ್ಕದ್ಮನೆಯವ್ರು ಒಪ್ಪಿ, ಬಿಡ್ಬೇಕಾದ ಜಾಗಾನ ಬೇಲಿಯಾಚೆ ತಮ್ ನೆಲದಲ್ಲೇ ಖಾಲಿ ಬಿಡ್ತೀವಿ ಅಂತ ಬರ್ಕೊಟ್ರೆ ಆಯ್ತು. ಬಾವ್‌ಲಾಸ್ಟ್ ಅಂತಾರೆ. ಒಂದ್ಸಲ ಹೋಗಿ ಮಾತಾಡಿ."

"ನಾ ಕೇಳಂಗಿಲ್ಲ. ಆಫೀಸಿನವರಿಗೆ ವಿನಾಯಿತಿ ಕೊಡ್ರಿ ಅಂತ ಬರಿ. ಕೇಳೂದಿದ್ರ ಅವ್ರು ಕೇಳ್ಲಿ."

"ಸುಮ್ನೆ ಬೆಲ್ ಮಾಡಿ, ಎರಡು ಮಾತು..."

"ಬ್ಯಾಡ ಅಂದ್ನಲ್ಲ."

ಸುಹಾಸನಿಗೆ ಅದು ಬರಿಯ ಹಟವೆನಿಸಿತು. ಮಹಾಂತಮ್ಮನಿಗೆ ಅದರ ಕಾರಣ ಗೊತ್ತಿತ್ತು. ಮದುವೆಯಾಗಿ ಈ ದೇಶಕ್ಕೆ ಬಂದ ಹೊಸದರಲ್ಲಿ ಅವರಿಬ್ಬರೂ ಬಾಡಿಗೆ ಮನೆ ಹುಡುಕಿಕೊಂಡು ಅಲೆದಿದ್ದರು. ಫೋನಿನಲ್ಲಿ ಬನ್ನಿ ಎಂದವರು ಬಾಗಿಲು ತೆರೆದು ಮುಖ ನೋಡಿದೊಡನೆ ಈಗಷ್ಟೇ ಬೇರೆಯವರಿಗೆ ಕೊಟ್ಟೆವು ಎನ್ನುತ್ತಿದ್ದರು. ಆ ಚಳಿಗಾಲ ಅಡಿವೆಪ್ಪ ಎಷ್ಟು ಬಾಗಿಲುಗಳ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರೋ. ಆಮೇಲೆ ಸ್ವಂತ ಮನೆ ಆಯಿತು. ಮತ್ತೆ ಯಾರ ಬಾಗಿಲಲ್ಲೂ ನಿಂತು ಏನನ್ನೂ ಬೇಡಲಿಲ್ಲ. ಪಕ್ಕದ ಮನೆಯ ಫ್ರಾವ್ ಲಿಂಡ್ನರ್ ಒಳ್ಳೆಯವರೋ ಕೆಟ್ಟವರೋ ಅವರಿಗೆ ತಿಳಿಯದು. ಎಂಬತ್ತು ದಾಟಿದ ಆ ಒಂಟಿ ಹೆಂಗಸಿನ ಜೊತೆ ಇಷ್ಟು ವರ್ಷ ನಡೆದದ್ದು ಒಂದೇ ಮಾತು: ಗುಟನ್ ಮೋರ್ಗನ್, ಬೆಳಗಿನ ನಮಸ್ಕಾರ.

ಅರ್ಜಿ ಹೋಯಿತು. ಬೇಸಿಗೆ ಕಳೆಯಿತು. ಕಚೇರಿಯವರು ನಿಯಮದಂತೆ ಪಕ್ಕದವರಿಗೆ ತಿಳಿಸಿದರು. ಫ್ರಾವ್ ಲಿಂಡ್ನರ್ ಆಕ್ಷೇಪಣೆ ಸಲ್ಲಿಸಿದರು. ಅದರ ಪ್ರತಿ ಅಡಿವೆಪ್ಪನವರ ಕೈಗೆ ಬಂದಾಗ ಹಿತ್ತಲಿನ ಸೇಬಿನ ಗಿಡದ ಎಲೆಗಳು ಉದುರುತ್ತಿದ್ದವು. ಈ ಕಟ್ಟಡ ಎದ್ದರೆ ಚಳಿಗಾಲದಲ್ಲಿ ನನ್ನ ಅಡುಗೆಮನೆಗೆ ಬಿಸಿಲು ಬರುವುದಿಲ್ಲ ಎಂದಷ್ಟೇ ಅದರಲ್ಲಿತ್ತು.

"ಬಿಸಲಂತ!" ಅಡಿವೆಪ್ಪ ಹಾಲ್ ತುಂಬ ಓಡಾಡಿದರು. "ಈ ದೇಶದಾಗ ಬಿಸಲು ಎಲ್ಲೈತಿ ಕಸಗೊಳ್ಳಾಕ? ವಕೀಲನ ಹಂತ್ಯಾಕ ಹೋಗತೇನಿ ನಾ."

ಮರುದಿನ ಬೆಳಿಗ್ಗೆ ಗಂಡ ತರಕಾರಿ ತರಲು ಹೋದದ್ದೇ ತಡ, ಮಹಾಂತಮ್ಮ ಶೂ ಹಾಕಿಕೊಳ್ಳಲು ಕುಳಿತರು. ಬಿದ್ದ ದಿನದಿಂದ ಅವರು ಒಬ್ಬರೇ ಮನೆಯ ಹೊರಗೆ ಕಾಲಿಟ್ಟಿರಲಿಲ್ಲ. ಒದ್ದೆ ಕಲ್ಲು ಕಂಡರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಶಾಲು ಹೊದ್ದು, ನಡಿಗೆಗಾಡಿ ತಳ್ಳಿಕೊಂಡು, ತಮ್ಮ ಗೇಟು ದಾಟಿ ಪಕ್ಕದ ಗೇಟಿನವರೆಗೆ ಹೋಗಿ ಗಂಟೆ ಒತ್ತಿದರು.

ಅಡಿವೆಪ್ಪ ಬಂದಾಗ ಮಂಚ ಖಾಲಿಯಾಗಿತ್ತು. "ಮಹಾಂತಾ!" ಎಂದು ಕೂಗಿದರು. ಸಂಡಾಸಿನ ಬಾಗಿಲು ಬಡಿದರು. ಮೆಟ್ಟಿಲು ಹತ್ತಲು ಹೋಗಿ ಬಿದ್ದಳೇನೋ ಎಂದು ಮಹಡಿಗೆ ಓಡಿದರು. ಅಲ್ಲಿನ ಕಿಟಕಿಯಿಂದ ಕೆಳಗೆ ನೋಡಿದರೆ, ಪಕ್ಕದ ಅಡುಗೆಮನೆಯ ಗಾಜಿನಾಚೆ ಹೆಂಡತಿ ಕುಳಿತಿದ್ದಾರೆ, ಮುಂದೆ ಒಂದು ಕಪ್ಪು, ಒಂದು ತಟ್ಟೆ ಕೇಕು. ಅಡಿವೆಪ್ಪ ಹಾಗೆಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಮನೆಗೆ ಮರಳಿದ ಮೇಲೆ ಮಹಾಂತಮ್ಮ ಶಾಲು ತೆಗೆದು ಮಡಚಿದರು. ಗಂಡ ಬೈಯಲು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು.

"ಆಕಿ ಕಣ್ಣು ಹೋಗಾಕ ಹತ್ಯಾವ್ರಿ. ಲೈಟಿನ ಬೆಳಕಿನ್ಯಾಗ ಅಕ್ಷರ ಕಾಣಂಗಿಲ್ಲಂತ. ಚಳಿಗಾಲದಾಗ ಮುಂಜಾನೆ ಟೇಬಲ್ ಮ್ಯಾಲ ಬಿಸಲು ಬೀಳತೈತಿ. ಅಷ್ಟ ಹೊತ್ತಿನ್ಯಾಗ ಭೂತಗನ್ನಡಿ ಹಿಡಕೊಂಡು ಪೇಪರ್ ಓದತಾಳ. ದಿನದಾಗ ಅದೊಂದ ಆಕಿಗಿರೂದು."

ಅಡಿವೆಪ್ಪ ಆಕ್ಷೇಪಣೆಯ ಪ್ರತಿಯನ್ನು ಮತ್ತೆ ಕೈಗೆತ್ತಿಕೊಂಡರು.

"ಆಕಿ ಬಿಸಲು ತಗೊಂಡು ನನಗ ಖೋಲಿ ಬ್ಯಾಡ್ರಿ. ಸಣ್ಣದ ಮಾಡೂಣು. ಎರಡನೇ ಮಂಚಾ ಬಿಟ್ಟಬಿಡೂಣು."

"ಮಂಚಾ ಬಿಡೂ ಮಾತು ಆಡಬ್ಯಾಡ," ಎಂದರು ಅಡಿವೆಪ್ಪ. ಎಷ್ಟು ಬಿರುಸಾಗಿ ಹೇಳಿದರೆಂದರೆ ಅವರಿಗೇ ಆಶ್ಚರ್ಯವಾಯಿತು.

ಆ ದಿನ ಮಧ್ಯಾಹ್ನ ಊಟ ಮುಗಿಸಿ, ತಲೆ ಬಾಚಿಕೊಂಡು, ಅವರು ಫ್ರಾವ್ ಲಿಂಡ್ನರ್ ಅವರ ಬಾಗಿಲಲ್ಲಿ ನಿಂತರು. ಹೇಳಬೇಕಾದ ವಾಕ್ಯವನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದರು. ಬಾಗಿಲು ತೆರೆದೊಡನೆ ಅದು ಮರೆತುಹೋಯಿತು.

"ಬಿಸಿಲು ಎಲ್ಲಿ ಬೀಳುತ್ತದೆ ಎಂದು ನನಗೆ ತೋರಿಸುವಿರಾ?" ಎಂದುಬಿಟ್ಟರು.

ಮುದುಕಿ ಅವರ ಮುಖವನ್ನು ಹತ್ತಿರದಿಂದ ನೋಡಿ, ಒಳಗೆ ಬನ್ನಿ ಎಂದರು.

ಅಡಿವೆಪ್ಪನವರಿಗೆ ಕಾಗದದ ಲೆಕ್ಕಕ್ಕಿಂತ ಕಣ್ಣಿಗೆ ಕಾಣುವ ಪರೀಕ್ಷೆಯ ಮೇಲೆ ನಂಬಿಕೆ. ಬೀನ್ಸ್ ಬಳ್ಳಿಗೆ ಊರುವ ಕೋಲುಗಳನ್ನು ಒಂದಕ್ಕೊಂದು ಕಟ್ಟಿ ಉದ್ದ ಮಾಡಿ, ಸುಹಾಸನ ನಕ್ಷೆಯಲ್ಲಿ ಗೋಡೆಯ ಎರಡು ಮೂಲೆ ಬರುವ ಜಾಗದಲ್ಲಿ ನೆಟ್ಟರು. ನಡುವೆ ಗೋಡೆಯ ಬದಲು ಏನಾದರೂ ಬಿಗಿಯಬೇಕಿತ್ತು. ಹಾಸಿಗೆಯ ಬಟ್ಟೆ ಗಿಡ್ಡವಾಯಿತು. ಮಹಾಂತಮ್ಮ ತಮ್ಮ ಇಳಕಲ್ ಸೀರೆಯೊಂದನ್ನು ತೆಗೆದುಕೊಟ್ಟರು.

"ಎರಡು ಪದರ ಮಾಡ್ರಿ, ಇಲ್ಲಂದ್ರ ಬೆಳಕು ಸೋಸಿ ಬರತೈತಿ."

ಹೀಗೆ ಜರ್ಮನಿಯ ಹಿತ್ತಲೊಂದರಲ್ಲಿ ಕೆಂಪು ಸೆರಗಿನ ಗೋಡೆ ಎದ್ದಿತು. ಆದರೆ ಸೂರ್ಯನೇ ಬರಲಿಲ್ಲ. ನವೆಂಬರ್ ತಿಂಗಳು; ನದಿಯಿಂದ ಮೇಲೆದ್ದ ಮಂಜು ಮಧ್ಯಾಹ್ನದವರೆಗೂ ಬೀದಿಯಲ್ಲೇ ಕುಳಿತಿರುತ್ತಿತ್ತು. ಪ್ರತಿ ಬೆಳಿಗ್ಗೆ ಫ್ರಾವ್ ಲಿಂಡ್ನರ್ ಬೇಲಿಯಾಚೆಯಿಂದ "ಇವತ್ತು?" ಎಂದು ಕೇಳುವರು. "ಇವತ್ತೂ ಇಲ್ಲ," ಎಂದು ಅಡಿವೆಪ್ಪ ಹೇಳುವರು. ಹೇಗೂ ಎದ್ದಾಗಿದೆ, ಕಾಫಿ ಕುಡಿಯೋಣ ಬನ್ನಿ ಎಂದು ಆಕೆ ಕರೆಯುವರು. ಮೊದಮೊದಲು ಮೂವರೂ ಹವಾಮಾನದ ಮಾತಾಡಿದರು. ಅದು ಬೇಗ ಮುಗಿಯಿತು. ಆಮೇಲೆ ಮಹಾಂತಮ್ಮ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಒಯ್ದರು. ಫ್ರಾವ್ ಲಿಂಡ್ನರ್ ತಾವು ಸಣ್ಣವರಿದ್ದಾಗ ಅಪ್ಪನ ದೋಣಿಯಲ್ಲಿ ನೆಕ್ಕರ್ ಮೇಲೆ ಮರದ ದಿಮ್ಮಿ ಸಾಗಿಸಲು ಹೋಗುತ್ತಿದ್ದುದನ್ನು ಹೇಳಿದರು. ಚಟ್ನಿಯ ಖಾರಕ್ಕೆ ಕಣ್ಣೊರೆಸಿಕೊಂಡು ಇನ್ನೊಂದು ಚಮಚ ಹಾಕಿಸಿಕೊಂಡರು. ಸೀರೆ ಮಂಜಿನಲ್ಲಿ ತೊಯ್ದು ಭಾರವಾಗಿ ಜೋತುಬಿದ್ದಿತ್ತು. ಬೀದಿಯಲ್ಲಿ ಹೋಗುವವರು ನಿಂತು ನೋಡಿ, ಅರ್ಥವಾಗದೆ ಮುಂದೆ ಹೋಗುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು. ಮಹಾಂತಮ್ಮ, ಫ್ರಾವ್ ಲಿಂಡ್ನರ್ ಇಬ್ಬರೂ ಟೇಬಲ್ ಮುಂದೆ ಪೇಪರ್ ಹರಡಿ ಕುಳಿತರು. ಕಿಟಕಿ ತೆರೆದಿತ್ತು. ಹೊರಗೆ ಅಡಿವೆಪ್ಪ ಹಗ್ಗ ಹಿಡಿದು ನಿಂತಿದ್ದರು. ನಕ್ಷೆಯಲ್ಲಿದ್ದ ಇಳಿಜಾರು ಮಾಡಿನ ಎತ್ತರಕ್ಕೆ ಸೀರೆ ಏರಿಸಿದಾಗ ಟೇಬಲ್ ಪೂರ್ತಿ ಕತ್ತಲಾಯಿತು. ಮುದುಕಿ ಭೂತಗನ್ನಡಿಯನ್ನು ಮೆಲ್ಲನೆ ಕೆಳಗಿಟ್ಟರು. ಅದನ್ನು ಅಡಿವೆಪ್ಪ ಹೊರಗಿನಿಂದಲೇ ನೋಡಿದರು. ಅವರಿಗೆ ಆ ಆಕ್ಷೇಪಣೆಯ ಅರ್ಥ ಆಗಲೇ ಸರಿಯಾಗಿ ಆದದ್ದು.

"ಇಳಸ್ರಿ!" ಎಂದು ಮಹಾಂತಮ್ಮ ಕೂಗಿದರು. "ಇನ್ನೂ ಇಳಸ್ರಿ. ಇನ್ನಷ್ಟ... ಹಾಂ, ಬಂತ್ರಿ, ಬಂತು!"

ಮಾಡನ್ನು ಸಪಾಟು ಮಾಡಿ, ತೋಟದ ಕಡೆಯ ಮೂಲೆಯನ್ನು ಸ್ವಲ್ಪ ಒಳಗೆ ಎಳೆದರೆ ಬಿಸಿಲು ಟೇಬಲಿಗೆ ಬರುತ್ತಿತ್ತು. ಒಂದು ತುದಿ ಮಾತ್ರ ನೆರಳಿನಲ್ಲೇ ಉಳಿಯಿತು. ಅಡಿವೆಪ್ಪ ಕಿಟಕಿಯ ಹತ್ತಿರ ಬಂದು ಅದನ್ನು ತೋರಿಸಿ, ಇಷ್ಟು ಹೋಗುತ್ತದೆ, ಇದನ್ನು ನನ್ನಿಂದ ಉಳಿಸಲಾಗುವುದಿಲ್ಲ ಎಂದರು.

ಫ್ರಾವ್ ಲಿಂಡ್ನರ್ ಪೇಪರಿನ ಕೆಲವು ಹಾಳೆಗಳನ್ನು ಬೇರ್ಪಡಿಸಿ ಆ ನೆರಳಿನ ತುದಿಗೆ ತಳ್ಳಿದರು. "ಇವು ಕ್ರೀಡಾ ಪುಟಗಳು. ನಾನು ಓದುವುದಿಲ್ಲ," ಎಂದರು.

ಮೂವರೂ ನಕ್ಕರು. ನಗು ನಿಂತ ಮೇಲೆ ಫ್ರಾವ್ ಲಿಂಡ್ನರ್ ಕೇಳಿದರು: "ಕಚೇರಿಗೆ ನನ್ನಿಂದ ಏನು ಬೇಕು?"

ಅಡಿವೆಪ್ಪ ಯಾವುದನ್ನೂ ಮುಚ್ಚಿಡದೆ ವಿವರಿಸಿದರು. ಬಾವ್‌ಲಾಸ್ಟ್ ಕೊಟ್ಟರೆ ಅದು ಬರಿಯ ಮಾತಲ್ಲ, ನೆಲಕ್ಕೇ ಅಂಟಿಕೊಳ್ಳುತ್ತದೆ. ನಾಳೆ ಈ ಮನೆ ಯಾರಿಗೆ ಹೋದರೂ ಅವರೂ ಅದಕ್ಕೆ ಬದ್ಧರು. ಬೇಲಿಯ ಪಕ್ಕದ ಆ ಪಟ್ಟಿಯಲ್ಲಿ ನೀವು ಏನನ್ನೂ ಕಟ್ಟುವಂತಿಲ್ಲ. ಯೋಚಿಸಿ, ಯಾರನ್ನಾದರೂ ಕೇಳಿ, ಆಮೇಲೆ ಹೇಳಿ ಎಂದರು.

"ಆ ಪಟ್ಟಿಯಲ್ಲಿ ಮುಟ್ಟಿದರೆ ತುರಿಸುವ ನೆಟಲ್ ಗಿಡ ಬಿಟ್ಟು ಬೇರೆ ಏನೂ ಬೆಳೆದಿಲ್ಲ," ಎಂದರು ಫ್ರಾವ್ ಲಿಂಡ್ನರ್. "ಹೆರ್ ಅಡಿವೆಪ್ಪ, ಇದನ್ನು ಬೇಸಿಗೆಯಲ್ಲೇ ಬಂದು ಏಕೆ ಕೇಳಲಿಲ್ಲ?"

ಅಡಿವೆಪ್ಪ ಸ್ವಲ್ಪ ಹೊತ್ತು ಹಗ್ಗವನ್ನು ಸುತ್ತುತ್ತ ನಿಂತರು. "ಕೇಳುವ ರೂಢಿ ತಪ್ಪಿಹೋಗಿತ್ತು."

"ನನಗೂ ಹಾಗೆಯೇ," ಎಂದರು ಆಕೆ. "ಕಚೇರಿಗೆ ಬರೆಯುವ ಬದಲು ನಾನೂ ಬೆಲ್ ಒತ್ತಬಹುದಿತ್ತು."

ಸುಹಾಸ್ ನಕ್ಷೆ ತಿದ್ದಿಕೊಟ್ಟ. ಅಳತೆ ಹೇಗೆ ಸಿಕ್ಕಿತು ಎಂದು ಕೇಳಿ, ಸೀರೆಯ ಫೋಟೋ ನೋಡಿ, "ಅಂಕಲ್, ನಮ್ ಆಫೀಸ್‌ನಲ್ಲಿ ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಇಟ್ಕೊಂಡಿದೀವಿ, ಗೊತ್ತಾ?" ಎಂದ. ಅಡಿವೆಪ್ಪನವರಿಗೆ ಬಹಳ ಖುಷಿಯಾಯಿತು.

ಡಿಸೆಂಬರಿನಲ್ಲಿ ಮೂವರೂ ಟ್ಯಾಕ್ಸಿಯಲ್ಲಿ ರಾಟ್‌ಹೌಸಿಗೆ ಹೋದರು. ಕಟ್ಟಡ ವಿಭಾಗದ ಅದೇ ಹೆಂಗಸು ಬಾವ್‌ಲಾಸ್ಟ್‌ನ ಒಕ್ಕಣೆಯನ್ನು ಗಟ್ಟಿಯಾಗಿ ಓದಿದಳು. ಮುಗಿದ ಮೇಲೆ ಫ್ರಾವ್ ಲಿಂಡ್ನರ್ ಕಡೆ ಬಾಗಿ ಕೇಳಿದಳು: "ಇದನ್ನು ನೀವು ನಿಮ್ಮ ಇಚ್ಛೆಯಿಂದಲೇ ಕೊಡುತ್ತಿದ್ದೀರಾ? ಯಾರ ಒತ್ತಾಯವೂ ಇಲ್ಲವಲ್ಲ?"

"ಒತ್ತಾಯ ಇದೆ," ಎಂದರು ಮುದುಕಿ. ಆ ಹೆಂಗಸಿನ ಪೆನ್ನು ನಿಂತಿತು. "ಇವರ ಮನೆಯ ಕಡಲೆಕಾಯಿ ಚಟ್ನಿಯದು. ಎಲ್ಲಿ ಸಹಿ ಹಾಕಬೇಕು? ಬೆರಳಿಟ್ಟು ತೋರಿಸಿ, ನನಗೆ ಗೆರೆ ಕಾಣುವುದಿಲ್ಲ."

ಮಹಾಂತಮ್ಮ ಎದ್ದು ಬಂದು ಅವರ ಕೈಹಿಡಿದು ಗೆರೆಯ ಮೇಲೆ ಇಟ್ಟರು. ಸಹಿ ಸ್ವಲ್ಪ ಮೇಲಕ್ಕೆ ಏರಿತು, ಆದರೆ ಪೂರ್ತಿ ಬಂತು.

ಮಾರ್ಚಿನಲ್ಲಿ ಅನುಮತಿ ಬಂತು. ಅದರ ಜೊತೆಗೊಂದು ದಪ್ಪ ಹಾಳೆ, ಅದರ ನಡುವೆ ದೊಡ್ಡ ಕೆಂಪು ಚುಕ್ಕೆ. ಕೆಲಸ ಶುರು ಮಾಡಬಹುದೆಂದು ಬೀದಿಗೆ ಕಾಣುವಂತೆ ಅಂಟಿಸಬೇಕಾದ ಹಾಳೆ ಅದು. ರೋಟರ್ ಪುಂಕ್ಟ್ ಎನ್ನುತ್ತಾರೆ. ಮಹಾಂತಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು.

"ಅಯ್ಯ, ಸರಕಾರದವ್ರು ಕುಂಕುಮಾ ಹಚ್ಚಿ ಕಳಿಸ್ಯಾರಲ್ರಿ!"

ಅಡಿವೆಪ್ಪ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಗೇಟಿಗೆ ಕಟ್ಟಿದರು. ಅಗೆಯಲು ಬಂದ ಪೋಲೆಂಡಿನ ಕೆಲಸಗಾರರು ಕಾದು ನಿಂತಿರಲು, ಮಹಾಂತಮ್ಮ ನೆಲಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆಸಿದರು. ಫ್ರಾವ್ ಲಿಂಡ್ನರ್ ಬೇಲಿಯಾಚೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು; ಕೊಬ್ಬರಿಯ ಚೂರು ಅವರಿಗೂ ಹೋಯಿತು.

ಸೆಪ್ಟೆಂಬರಿನ ಹೊತ್ತಿಗೆ ಕೋಣೆ ಮುಗಿಯಿತು. ಪವಿ ರಜೆ ಹಾಕಿ ಬಂದು ಅಪ್ಪನ ಮಂಚವನ್ನು ಬಿಚ್ಚಿ ಕೆಳಗೆ ತರಲು ಕೈಜೋಡಿಸಿದಳು. ನಟ್ಟು ಬೋಲ್ಟು ಜೋಡಿಸಿ, ಮಂಚ ಅಲ್ಲಾಡದಂತೆ ಕಾಲಿನ ಕೆಳಗೆ ರಟ್ಟು ಕೊಟ್ಟು, ಅಡಿವೆಪ್ಪ ಅದರ ಮೇಲೆ ಮಲಗಿ ನೋಡಿದರು. ಪಕ್ಕದ ಮಂಚದಿಂದ ಮಹಾಂತಮ್ಮ ಕೈಚಾಚಿದರೆ ಅವರ ತೋಳಿಗೆ ತಾಗುತ್ತಿತ್ತು. ತಾಗಿಸಿ ನೋಡಿದರು.

ಚಳಿಗಾಲ ಬಂದಾಗ ಬಿಸಿಲು ಅಳೆದಷ್ಟೇ ಬಂತು. ಅದನ್ನು ಖಚಿತ ಮಾಡಿಕೊಳ್ಳಲು ಅಡಿವೆಪ್ಪ ಬೆಳಿಗ್ಗೆ ಪಕ್ಕದ ಮನೆಗೆ ಹೋದರು. ಮಂಜು ಇದ್ದ ದಿನವೂ ಹೋದರು.

ಒಂದು ದಿನ ಫ್ರಾವ್ ಲಿಂಡ್ನರ್ ತಾವೇ ಇವರ ಬೆಲ್ ಒತ್ತಿದರು. ಒಳಗೆ ಬಂದು ಕೋಟು ತೆಗೆಯದೆಯೇ ಕುಳಿತು ಹೇಳಿದರು: ತಮ್ಮ ಮುಂಬಾಗಿಲ ಮೆಟ್ಟಿಲು ಈಗ ಸರಿಯಾಗಿ ಕಾಣುವುದಿಲ್ಲ. ಮೆಟ್ಟಿಲ ಬದಲು ಇಳಿಜಾರು ಮಾಡಿಸಿ, ಹಿಮ ಬೀಳದಂತೆ ಮೇಲೊಂದು ಮಾಡು ಹಾಕಿಸಬೇಕೆಂದಿದ್ದಾರೆ. ಅದಕ್ಕೂ ಅನುಮತಿ ಬೇಕಾಗುತ್ತದೆಯೇ? ಯಾರನ್ನು ಕೇಳುವುದೆಂದು ತಿಳಿಯಲಿಲ್ಲ, ಇಲ್ಲಿಗೇ ಬಂದಿದ್ದಾರೆ.

ಅಡಿವೆಪ್ಪ ಆಗಲೇ ಎದ್ದು ಟೇಪು, ಪೆನ್ಸಿಲ್ ಹುಡುಕತೊಡಗಿದ್ದರು. "ಸುಹಾಸಗ ಫೋನ್ ಮಾಡು," ಎಂದು ಹೆಂಡತಿಗೆ ಹೇಳಿದರು. "ಅಳತಿ ನಾ ತಗೋತೇನಿ. ಸಹಿ ಅವಾ ಮಾಡ್ಲಿ."

"ಮದಲ ಚಾ ಕುಡೀರಿ," ಎಂದರು ಮಹಾಂತಮ್ಮ. "ಆಕಿಗೆ ಕೋಟು ತಗದು ಕುಂದರಾಕರ ಹೇಳ್ರಿ."